ಡೋರೀನ್ ಒಬ್ಬೊಬ್ಬರಾಗಿ ದಾಟಿಸಿದ ನಲವತ್ತೊಂದು ಮಕ್ಕಳು

ಡೋರೀನ್ ಹ್ಯಾಸ್ಲಪ್ ಇಪ್ಪತ್ತಮೂರು ವರ್ಷದಲ್ಲಿ ಯಾವ ಲಾರಿಯನ್ನೂ ಒಂದು ನಿಮಿಷಕ್ಕಿಂತ ಹೆಚ್ಚು ನಿಲ್ಲಿಸಿದವಳಲ್ಲ. ಇದನ್ನು ತಾನಾಗಿ ಹೇಳಿಕೊಳ್ಳುತ್ತಿರಲಿಲ್ಲ, ಬೇರೆಯವರು ಹೇಳಿದರೆ ಅಲ್ಲಗಳೆಯುತ್ತಲೂ ಇರಲಿಲ್ಲ. ನಮ್ಮ ಹಳ್ಳಿ ಆಲ್ಡರ್ಬಿಯಲ್ಲಿ ಇನ್ನೊಬ್ಬರ ಹೊತ್ತು ಹಾಳು ಮಾಡುವುದಕ್ಕಿಂತ ದೊಡ್ಡ ಪಾಪವಿಲ್ಲ. ಕೊಲೆಗಾರನನ್ನಾದರೂ ಕ್ಷಮಿಸಿಯಾರು, ಸಾಲು ತಪ್ಪಿಸಿ ಮುಂದೆ ನುಗ್ಗಿದವನನ್ನು ಸಾಯುವ ತನಕ ಮರೆಯುವುದಿಲ್ಲ.

ಅವಳ ಕೆಲಸ ಶಾಲೆಯ ಮಕ್ಕಳನ್ನು ರಸ್ತೆ ದಾಟಿಸುವುದು. ಮೈಮೇಲೆ ಹಳದಿ ಕೋಟು, ಕೈಯಲ್ಲಿ ತನಗಿಂತ ಎತ್ತರದ ಕೋಲು, ಕೋಲಿನ ತುದಿಗೆ ‘ನಿಲ್ಲಿ’ ಎಂದು ಬರೆದ ದುಂಡು ಹಲಗೆ. ಹಲಗೆ ಎತ್ತಿದರೆ ಎಂಥವನೂ ನಿಲ್ಲಬೇಕು, ಕಾನೂನೇ ಹಾಗಿದೆ. ಹಾಗೆಂದು ಡೋರೀನ್ ಮನಸ್ಸಿಗೆ ಬಂದಾಗಲೆಲ್ಲ ಎತ್ತುವವಳಲ್ಲ. ಒಂದೊಂದಾಗಿ ಬರುವ ಮಕ್ಕಳನ್ನು ಹಳೆಯ ಕಮ್ಮಾರಸಾಲೆಯ ಗೋಡೆಗೆ ಒರಗಿಸಿ ನಿಲ್ಲಿಸುವಳು. “ತಡೀರಿ, ಎಲ್ರೂ ಬರ್ಲಿ” ಎನ್ನುವಳು. ಹತ್ತು ಹನ್ನೊಂದು ಕೂಡಿದ ಮೇಲೆ ಕುರಿಮಂದೆ ಹಾಯಿಸಿದ ಹಾಗೆ ಒಟ್ಟಿಗೆ ಹಾಯಿಸುವಳು. ಬೆಳಿಗ್ಗೆ ನಾಲ್ಕು ಸಲ ಹಲಗೆ ಎತ್ತಿದರೆ ನಲವತ್ತೊಂದು ಮಕ್ಕಳೂ ಆಚೆ. ಮೇಲಿನ ಕಲ್ಲುಕ್ವಾರಿಯಿಂದ ಇಳಿದು ಬರುವ ಲಾರಿಯವರು ಸ್ಟೀರಿಂಗ್ ಮೇಲಿಂದ ಒಂದು ಬೆರಳೆತ್ತಿ ಧನ್ಯವಾದ ಸೂಚಿಸಿ ಹೋಗುವರು.

ಆ ಲಾರಿಗಳೇ ಊರಿಗೆ ತಲೆನೋವು. ಮಕ್ಕಳು ದಾಟುವ ಜಾಗಕ್ಕೆ ತಾಗಿಕೊಂಡೇ ಇರುವ ಪಬ್ಬಿನ ತಿರುವು ಎಂಥದೆಂದರೆ, ಮೇಲಿನಿಂದ ಬರುವ ಗಾಡಿ ಮೈಮೇಲೆ ಬರುವ ತನಕ ಕಾಣಿಸುವುದಿಲ್ಲ. ಫೆಬ್ರವರಿಯ ಒಂದು ಮಂಜಿನ ಬೆಳಿಗ್ಗೆ ಒಂದು ಲಾರಿಯ ಪಕ್ಕದ ಕನ್ನಡಿ ಬಡಿದು ಡೋರೀನಳ ಹಲಗೆ ಎರಡು ಹೋಳಾಯಿತು. ಆರು ವರ್ಷದ ಟಿಲ್ಲಿ ಒಂದು ತೋಳಿನಳತೆಯಲ್ಲಿದ್ದಳು. ಡೋರೀನ್ ಮನೆಗೆ ಹೋಗಿ, ನೀರೇ ಹಾಕದೆ ಕೆಟಲಿನ ಸ್ವಿಚ್ಚು ಒತ್ತಿ, ಅದರೆದುರು ಕೋಟು ಕೂಡ ಬಿಚ್ಚದೆ ಕುಳಿತುಬಿಟ್ಟಳು.

ಅದಾಗಿ ತಿಂಗಳಿಗೆ, ಜಿಲ್ಲೆಯ ಆಡಳಿತ ನೋಡುವ ಕೌಂಟಿ ಕಚೇರಿಯಿಂದ ಕಾಗದ ಬಂತು. ಜುಲೈಯಲ್ಲಿ ರಜೆ ಶುರುವಾಗುವ ದಿನ ಡೋರೀನಳ ಹುದ್ದೆ ಕೊನೆ. ಬದಲಿಗೆ ಸಿಗ್ನಲ್ ದೀಪವೂ ಇಲ್ಲ. ದೀಪ ಹಾಕಬೇಕಾದರೆ ಬೆಳಗಿನ ಹೊತ್ತು ಒಂದು ಗಂಟೆಯ ಅವಧಿಯಲ್ಲಿ ಆ ಜಾಗದಲ್ಲಿ ರಸ್ತೆ ದಾಟುವುದು ಮೂವತ್ತು ಸಲವಾದರೂ ಆಗಬೇಕು, ಆಲ್ಡರ್ಬಿಯಲ್ಲಿ ಅಷ್ಟು ಆಗುವುದಿಲ್ಲ ಎಂದಿತ್ತು. ಊರೆಲ್ಲ ನಕ್ಕಿತು. ನಲವತ್ತೊಂದು ಮಕ್ಕಳಿರುವ ಕಡೆ ಮೂವತ್ತಿಲ್ಲ ಎಂದವನಿಗೆ ಕಣ್ಣಿಲ್ಲವೋ, ಎಣಿಕೆ ಬಾರದೋ?

ನಮ್ಮ ಕಡೆಯ ಸಂಸದೆ ಫಿಲಿಪಾ ಗಾರ್ಥ್ ಊರ ಸಭಾಭವನಕ್ಕೆ ಬಂದು ಟೀ ಕುಡಿದು, ಕೇಕು ತಿಂದು, ಮುರಿದ ಹಲಗೆಯನ್ನು ಕೈಯಲ್ಲಿ ಹಿಡಿದು ನೋಡಿದಳು. ರಾಜಕೀಯದವರ ಮಾತು ನೀರ ಮೇಲಿನ ಬರಹ ಎಂದು ನಾವು ಅಂದುಕೊಂಡಿದ್ದೆವು. ಆದರೆ ಆ ಹೆಂಗಸು ಮಾತಿಗೆ ತಪ್ಪಲಿಲ್ಲ. ಮೇ ತಿಂಗಳ ಒಂದು ಗುರುವಾರ ಸಂಜೆ ಐದು ಗಂಟೆಗೆ ಆಲ್ಡರ್ಬಿಯ ಹೆಸರು ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಕೇಳಿಸಿತು.

ಡೋರೀನ್ ಮೇಲಿನ ಗ್ಯಾಲರಿಯಲ್ಲಿ ದಪ್ಪ ಗಾಜಿನ ಹಿಂದೆ ಕುಳಿತಿದ್ದಳು. ಕೆಳಗೆ ಹಸಿರು ಬೆಂಚುಗಳೆಲ್ಲ ಖಾಲಿ, ಎಣಿಸಿದರೆ ಎಂಟು ಜನ. ಇಷ್ಟಕ್ಕಾಗಿ ಎರಡು ರೈಲು ಬದಲಿಸಿ ಬಂದೆನೇ ಎನ್ನಿಸಿತು. ಗಾರ್ಥ್ ಎದ್ದು ತಿರುವಿನ ಕಥೆ ಹೇಳಿದಳು, ಟಿಲ್ಲಿಯ ಕಥೆ ಹೇಳಿದಳು, ನಲವತ್ತೊಂದು ಮಕ್ಕಳು ಎಂದು ಎರಡೆರಡು ಸಲ ಒತ್ತಿ ಹೇಳಿದಳು. ಆಮೇಲೆ ಉತ್ತರ ಕೊಡಲು ಸಾರಿಗೆ ಮಂತ್ರಿ ಎದ್ದ.

“ಸನ್ಮಾನ್ಯ ಸದಸ್ಯರಿಗೆ ತಮ್ಮೂರಿನ ಮೇಲಿರೋ ಪ್ರೀತಿ ನನಗೆ ಅರ್ಥವಾಗುತ್ತೆ,” ಎಂದ, ಮಗುವಿಗೆ ಔಷಧಿ ಕುಡಿಸುವವನ ದನಿಯಲ್ಲಿ. “ಆದ್ರೆ ಕೌಂಟಿಯವರು ಎಣಿಸಿದ ಪ್ರಕಾರ ಆ ಜಾಗದಲ್ಲಿ ಒಂದು ಗಂಟೆಯಲ್ಲಿ ರಸ್ತೆ ದಾಟಿರೋದು ನಾಲ್ಕೇ ನಾಲ್ಕು ಸಲ.”

ಯಾರೋ ಒಬ್ಬ ಸದಸ್ಯ ಕಿಸಕ್ಕನೆ ನಕ್ಕ. ಗಾರ್ಥ್ ತಲೆಯೆತ್ತಿ ಗ್ಯಾಲರಿಯ ಕಡೆ ನೋಡಿದಳು. ಡೋರೀನಳ ಕಿವಿ ಬಿಸಿಯಾಯಿತು. ನಾಲ್ಕು. ಎಣಿಸಿದವನಿಗೆ ಕಣ್ಣೂ ಇತ್ತು, ಎಣಿಕೆಯೂ ಬರುತ್ತಿತ್ತು. ಅವನು ಮಕ್ಕಳನ್ನು ಎಣಿಸಿರಲಿಲ್ಲ, ಹಲಗೆ ಏರಿದ್ದನ್ನು ಎಣಿಸಿದ್ದ. ಇಪ್ಪತ್ತಮೂರು ವರ್ಷ ಯಾವುದನ್ನು ಹೆಮ್ಮೆ ಎಂದುಕೊಂಡಿದ್ದಳೋ ಅದೇ ಈಗ ಮಕ್ಕಳ ಕುತ್ತಿಗೆಗೆ ಬಂದಿತ್ತು. ಗಾಜಿಗೆ ಬಡಿದು ಕೂಗಬೇಕೆನ್ನಿಸಿತು. ಪಕ್ಕದಲ್ಲಿ ಕಪ್ಪು ಕೋಟಿನ ಕಾವಲಿನವನು ನಿಂತಿದ್ದ, ಅಲ್ಲಿ ಕೆಮ್ಮುವುದಕ್ಕೂ ಹಿಂಜರಿಯಬೇಕು. ತುಟಿ ಕಚ್ಚಿ ಕುಳಿತಳು.

ಮಂತ್ರಿ ಮುಗಿಸಿದ. ಜೂನ್‌ನಲ್ಲಿ ಕೌಂಟಿಯವರು ಇನ್ನೊಮ್ಮೆ ಎಣಿಸುತ್ತಾರೆ. ಮೂವತ್ತು ಮುಟ್ಟಿದರೆ ಸಿಗ್ನಲ್ ದೀಪ, ಇಲ್ಲವಾದರೆ ಆ ಮಾತು ಅಲ್ಲಿಗೇ ಮುಗಿಯಿತು.

ಹೊರಗೆ ಕಲ್ಲಿನ ಹಜಾರದಲ್ಲಿ ಗಾರ್ಥ್ ಬೀಸುಗಾಲಿನಲ್ಲಿ ಬಂದಳು. “ಡೋರೀನ್ ಅವ್ರೇ, ನಲವತ್ತೊಂದು ಅಂದಿದ್ರಿ.”

“ಹೌದು ಮೇಡಂ. ನಾಲ್ಕು ಗುಂಪು ಮಾಡಿ ದಾಟಿಸ್ತೀನಿ. ಪಾಪ, ಲಾರಿಯವ್ರಿಗೆ ತಡ ಆಗ್ಬಾರ್ದು ಅಂತ.”

ಗಾರ್ಥ್ ಕೈಯಲ್ಲಿದ್ದ ಕಾಗದ ಮಡಚಿದಳು. “ಹಾಗಾದ್ರೆ ಜೂನ್‌ನಲ್ಲಿ ಏನ್ ಮಾಡ್ಬೇಕು ಅಂತ ನಿಮಗೇ ಗೊತ್ತು. ಆದ್ರೆ ಒಂದು ಮಾತು. ದೀಪ ಬಂದ್ರೂ ನಿಮ್ಮ ಕೆಲ್ಸ ಉಳಿಯಲ್ಲ.”

“ಕೋಲು ಹಿಡ್ಕೊಂಡು ಹುಟ್ಟಿದ್ನಾ ನಾನು?” ಎಂದಳು ಡೋರೀನ್. ರೈಲಿನಲ್ಲಿ ಕಿಟಕಿಯ ಕಡೆ ಮುಖ ತಿರುಗಿಸಿ ಅತ್ತಳು.

ಊರಿನಲ್ಲಿ ಸುದ್ದಿ ಮುಚ್ಚಿಡುವುದುಂಟೇ? ಎಣಿಕೆಯ ಹಿಂದಿನ ದಿನ ಸಂಜೆ ಅಣ್ಣನ ಮಗ ಕಾರ್ಲ್ ಬಾಗಿಲಲ್ಲಿ ನಿಂತಿದ್ದ. ಅವನು ಓಡಿಸುವುದೂ ಕ್ವಾರಿಯ ಲಾರಿಯೇ.

“ನಾಳೆ ನಲವತ್ತೊಂದು ಸಲ ನಿಲ್ಲಿಸ್ತೀಯಂತೆ, ಅತ್ತೆ?”

“ಒಬ್ಬೊಬ್ರನ್ನೇ ದಾಟಿಸ್ತೀನಿ. ಒಳಗೆ ಬಾ, ಟೀ ಮಾಡ್ತೀನಿ.”

“ಟೀ ಬೇಡ. ಒಂಬತ್ತರೊಳಗೆ ಮೊದಲ್ನೇ ಲೋಡು ಇಳಿಸ್ದಿದ್ರೆ ಮ್ಯಾನೇಜರ್ ನನ್ನ ಚರ್ಮ ಸುಲೀತಾನೆ. ಅದು ಹಾಳಾಗ್ಲಿ. ನಲವತ್ತೊಂದು ಸಲ ನಡುರಸ್ತೇಲಿ ಒಂದೊಂದು ಮಗೂನ ನಿಲ್ಲಿಸ್ತೀಯಲ್ಲ, ನಾವಾದ್ರೂ ನಿನ್ನ ಬಲ್ಲವ್ರು, ನಿಲ್ತೀವಿ. ಹಿಂದಿರೋ ಕಾರಿನವ್ನಿಗೇನ್ ಗೊತ್ತು? ತಾಳ್ಮೆ ಕೆಟ್ಟು ಬಲಗಡೆಯಿಂದ ನುಗ್ತಾನೆ. ಆಗೇನ್ ಮಾಡ್ತೀಯ?”

ಮೂರು ವಾರದಿಂದ ಡೋರೀನಳ ನಿದ್ದೆ ಕೆಡಿಸಿದ್ದ ಪ್ರಶ್ನೆಯೇ ಅದು. ಮಕ್ಕಳನ್ನು ಉಳಿಸಲಿಕ್ಕೆ ಮಕ್ಕಳನ್ನೇ ಪಣಕ್ಕಿಡಬೇಕು. ಅಡಕತ್ತರಿಯಲ್ಲಿ ಸಿಕ್ಕಿದ್ದಳು.

“ಏನಾದ್ರೂ ಆದ್ರೆ ಊರು ನಿನ್ನನ್ನ ಸುಮ್ನೆ ಬಿಡಲ್ಲ, ಅತ್ತೆ,” ಎಂದ ಕಾರ್ಲ್.

“ಊರು ಹಾಗಿರ್ಲಿ, ನಾನೇ ನನ್ನನ್ನ ಬಿಡಲ್ಲ. ಹಾಗಂತ ಸುಮ್ನೆ ಕೂತ್ರೆ? ಸೆಪ್ಟೆಂಬರಿಂದ ಅಲ್ಲಿ ಯಾರಿರ್ತಾರೆ ಹೇಳು.”

ಕಾರ್ಲ್ ಟೋಪಿ ಸರಿಮಾಡಿಕೊಂಡು ಹೊರಟೇ ಹೋದ.

ಮಂಗಳವಾರ ಎಂಟು ಗಂಟೆಗೆ ಎಣಿಸುವವನು ಮಡಚುವ ಕುರ್ಚಿ ಹಾಕಿ ಕುಳಿತ. ಕೈಯಲ್ಲಿ ಒತ್ತಿದರೆ ಟಿಕ್ ಎನ್ನುವ ಯಂತ್ರ. ಡೋರೀನ್ ಅವನ ಹತ್ತಿರ ಹೋದಳು. ಕಳ್ಳತನದಲ್ಲಿ ಮಾಡುವುದು ಅವಳಿಂದಾಗದು.

“ನೋಡಿ, ಹಿಂದಿನ ಸಲ ಗುಂಪು ಮಾಡಿ ದಾಟಿಸಿದ್ದೆ. ಇವತ್ತು ಒಬ್ಬೊಬ್ರನ್ನೇ ದಾಟಿಸ್ತೀನಿ. ನಿಮ್ಮ ರೂಲಿನಲ್ಲಿ ಅದಕ್ಕೆ ಅಡ್ಡಿ ಇದ್ಯಾ?”

ಅವನು ಹಾಳೆ ತಿರುವಿ ನೋಡಿದ. “ಇಲ್ಲ ಅಮ್ಮ. ಹಲಗೆ ಮೇಲಕ್ಕೆ ಹೋಗ್ಬೇಕು, ಕೆಳಗೆ ಬರ್ಬೇಕು. ಅದು ಒಂದು.”

ಎಂಟೂ ಇಪ್ಪತ್ತಕ್ಕೆ ಮೊದಲ ಲಾರಿ ತಿರುವಿನಲ್ಲಿ ಮೂತಿ ತೋರಿಸಿತು. ಕಾರ್ಲ್‌ನದು. ಡೋರೀನ್ ಹಲಗೆ ಎತ್ತಿದಳು. ಲಾರಿ ನಿಂತಿತು, ಆದರೆ ನೆಟ್ಟಗಲ್ಲ, ನಡುಗೆರೆಯ ಮೇಲೆ ಸೊಟ್ಟಗೆ, ಅರ್ಧ ಆಚೆ ಅರ್ಧ ಈಚೆ. ಸಿಟ್ಟನ್ನು ಹೀಗೆ ತೀರಿಸಿಕೊಳ್ಳುತ್ತಿದ್ದಾನೆ ಎಂದುಕೊಂಡಳು. ಮೊದಲ ಮಗು ದಾಟಿತು, ಟಿಕ್. ಹಲಗೆ ಇಳಿಸಿದಳು. ಎರಡನೆಯದಕ್ಕೆ ಎತ್ತಿದಳು, ಟಿಕ್. ನಡುವೆ ಹಲಗೆ ಇಳಿದಾಗಲೂ ಕಾರ್ಲ್ ಲಾರಿ ಅಲ್ಲಾಡಿಸಲಿಲ್ಲ.

ಹತ್ತು. ಹದಿನೈದು. ಹಿಂದೆ ಲಾರಿಗಳ ಸಾಲು ಗುಡ್ಡ ಹತ್ತಿತ್ತು. ಹಾರನ್ನುಗಳು ಶುರುವಾದವು. ಈ ಊರಿನಲ್ಲಿ ಹಾರನ್ ಒತ್ತುವುದೆಂದರೆ ಮುಖಕ್ಕೆ ಉಗಿದ ಹಾಗೆ. ಒಂದೊಂದು ಹಾರನ್ನಿಗೂ ಡೋರೀನ್ ಒಳಗೊಳಗೇ ಕುಗ್ಗುತ್ತಿದ್ದಳು. ಗೋಡೆಗೊರಗಿದ್ದ ಮಕ್ಕಳಿಗೆ ಏನೂ ತಿಳಿಯದು.

“ಎಲ್ರೂ ಬರ್ಲಿ ಅಂತಿದ್ದೆ ನೀನು,” ಎಂದಳು ಟಿಲ್ಲಿ.

“ಇವತ್ತು ಬೇಡ ಪುಟ್ಟಿ. ನೀನೊಬ್ಳೇ ಬಾ.”

ಟಿಲ್ಲಿ ನಡುರಸ್ತೆಗೆ ಬಂದಿದ್ದಳು. ಆಗ ಸಾಲಿನ ಹಿಂದಿನಿಂದ ಎಂಜಿನ್ನೊಂದು ಕಿರುಚಿತು. ತಾಳ್ಮೆ ಕೆಟ್ಟವನೊಬ್ಬ ಬಲಗಡೆಗೆ ಕಾರು ಕಿತ್ತುಕೊಂಡು ಬರುತ್ತಿದ್ದ. ಕಣ್ಣಿಗೆ ಕಾಣಲಿಲ್ಲ, ಸದ್ದು ಮಾತ್ರ ತಿರುವು ಸುತ್ತಿ ಮೇಲೆರಗಿತು. ಡೋರೀನ್ ಎರಡು ಕೈಯಲ್ಲೂ ಕೋಲು ಹಿಡಿದು ಮಗುವಿಗೆ ಅಡ್ಡ ನಿಂತಳು. ಬ್ರೇಕಿನ ಕರ್ಕಶ ಸದ್ದು, ಸುಟ್ಟ ರಬ್ಬರಿನ ವಾಸನೆ. ಕಾರು ಕಾರ್ಲ್‌ನ ಲಾರಿಯ ಹಿಂದೆಯೇ ನಿಂತಿತ್ತು. ನಡುರಸ್ತೆಗೆ ಚಾಚಿದ್ದ ಲಾರಿಯನ್ನು ದಾಟಿ ಬರಲಿಕ್ಕೆ ಒಂದು ಸೈಕಲ್ಲಿಗೂ ಜಾಗವಿರಲಿಲ್ಲ.

ಆಗ ಡೋರೀನಳಿಗೆ ಲಾರಿ ಸೊಟ್ಟಗೆ ನಿಂತದ್ದು ಯಾಕೆಂದು ಗೊತ್ತಾಯಿತು. ಮೇಲೆ ನೋಡಿದಳು. ಕಾರ್ಲ್‌ನ ಮುಖ ಸುಣ್ಣದ ಹಾಗಿತ್ತು. ಅವನು ಸ್ಟೀರಿಂಗ್ ಮೇಲಿಂದ ಒಂದು ಬೆರಳೆತ್ತಿದ.

ಎಣಿಸುವವನು ಕುರ್ಚಿ ಬೀಳಿಸಿ ಎದ್ದು ನಿಂತಿದ್ದ. ಆಮೇಲೆ ಕುಳಿತುಕೊಳ್ಳಲೇ ಇಲ್ಲ. ಮೂವತ್ತಾದಾಗ ಅವನೇ ಹೇಳಿದ, “ಸಾಕಮ್ಮ, ಸಂಖ್ಯೆ ಆಯ್ತು. ಉಳಿದವ್ರನ್ನ ಒಟ್ಟಿಗೆ ಕಳಿಸಿಬಿಡಿ.”

“ನಲವತ್ತೊಂದಿದಾರೆ,” ಎಂದಳು ಡೋರೀನ್. “ಪಾರ್ಲಿಮೆಂಟಿನಲ್ಲಿ ನಾಲ್ಕು ಅಂದ್ರು. ಎಲ್ಲಾನೂ ಎಣಿಸಿ.”

ಅವನು ಎಲ್ಲವನ್ನೂ ಎಣಿಸಿದ.

ಸಿಗ್ನಲ್ ದೀಪಕ್ಕೆ ಮಂಜೂರಾತಿ ಆಯಿತು. ದೀಪ ಬರುವ ತನಕ ಡೋರೀನಳನ್ನೇ ಮುಂದುವರಿಸಿದರು, ನವೆಂಬರಿನಲ್ಲಿ ಕಂಬ ನೆಟ್ಟ ದಿನ ಕೋಲು ವಾಪಸು ತೆಗೆದುಕೊಂಡರು. ಮಾರನೆಯ ಬೆಳಿಗ್ಗೆ ಬ್ರೆಡ್ಡು ತರುವ ನೆಪ ಮಾಡಿಕೊಂಡು ಅವಳು ಆ ಕಡೆ ಹೋದಳು. ದಾಟುವವರಿಗೆ ಹಸಿರು ದೀಪ ಹೊತ್ತಿತ್ತು, ಲಾರಿಗಳು ನಿಂತಿದ್ದವು. ರಸ್ತೆಯಲ್ಲಿ ಒಬ್ಬರೂ ಇಲ್ಲ. ಏಳೆಂಟು ಮಕ್ಕಳು ಕಮ್ಮಾರಸಾಲೆಯ ಗೋಡೆಗೆ ಒರಗಿ ನಿಂತಿದ್ದವು.

“ಯಾಕ್ರೋ ನಿಂತಿದೀರ? ಹಸಿರು ಬಿದ್ದಿದೆಯಲ್ಲ.”

“ಎಲ್ರೂ ಬರ್ಲಿ ಅಂತ,” ಎಂದಳು ಟಿಲ್ಲಿ.

ದೀಪ ಕೆಂಪಾಯಿತು. ಲಾರಿಗಳು ಹೊರಟವು. ಡೋರೀನ್ ಬ್ರೆಡ್ಡಿನ ಚೀಲವನ್ನು ಗೋಡೆಯ ಮೇಲಿಟ್ಟು, ಮಕ್ಕಳ ಸಾಲಿನ ಕೊನೆಯಲ್ಲಿ ಒರಗಿ ನಿಂತಳು. ಇನ್ನೂ ಮೂವರು ಬರಬೇಕಿತ್ತು.