ಮೆಟ್ಟಿಲ ಬುಡದಲ್ಲಿ ನಿಂತ ಲಿಫ್ಟಕ್ಕ

ಬೀದಿದೀಪಗಳು ಇನ್ನೂ ಆರಿಲ್ಲ. ಶಾಲೆಯ ಕಬ್ಬಿಣದ ಗೇಟನ್ನು ಭುಜ ಕೊಟ್ಟು ತಳ್ಳಿಕೊಂಡು ಒಳಬರುವ ಈ ಹೆಂಗಸು ನೇರವಾಗಿ ಹೋಗುವುದು ಕೆಳಮಹಡಿಯ ಆರನೇ ತರಗತಿಗೆ. ಕೈಯಲ್ಲಿ ಹಳೇ ಪೊರಕೆಯ ಕೋಲು. ಗಾಲಿಕುರ್ಚಿಯ ಅಗಲಕ್ಕಿಂತ ಒಂದು ಗೇಣು ಹೆಚ್ಚಿಗೆ ಬಿಟ್ಟು ಕತ್ತರಿಸಿದ್ದು. ಅದನ್ನು ಅಡ್ಡ ಹಿಡಿದುಕೊಂಡು ಬೆಂಚುಗಳ ನಡುವೆ ಬಾಗಿಲಿನಿಂದ ಕಿಟಕಿಯವರೆಗೆ ನಡೆಯುತ್ತಾರೆ. ಕೋಲು ಎಲ್ಲಿ ತಾಗುತ್ತದೋ ಅಲ್ಲಿ ಬೆಂಚನ್ನು ಮೊಣಕಾಲಿನಿಂದ ದೂಡುತ್ತಾರೆ. ದಿನಾ ಸಂಜೆ ಮಕ್ಕಳು ಎಲ್ಲವನ್ನೂ ಎಳೆದಾಡಿ ಹೋಗಿರುತ್ತಾರೆ, ದಿನಾ ಬೆಳಿಗ್ಗೆ ಇವರು ದಾರಿ ಬಿಡಿಸುತ್ತಾರೆ.

"ಮುಂದಿನ ಬೆಂಚಿಗೆ ದಾರಿ ಇದ್ರೆ ಸಾಲದಾ ಅಂತಾರೆ ಕೆಲವರು. ಹೇಗೆ ಸಾಕಾಗುತ್ತೆ? ಗೆಳತಿ ಜೊತೆ ಜಗಳ ಆದ್ರೆ ಅವಳೂ ದುಮುದುಮು ಅಂತ ಎದ್ದು ಹಿಂದಿನ ಸಾಲಿಗೆ ಹೋಗಬೇಕಲ್ಲ!"

ಇವರು ಹೇಳುತ್ತಿರುವುದು ಇದೇ ತರಗತಿಯ ಒಬ್ಬ ಹುಡುಗಿಯ ಬಗ್ಗೆ. ಅವಳ ಕಾಲುಗಳು ಹೇಳಿದ ಮಾತು ಕೇಳುವುದಿಲ್ಲ. ಮಾತು ಒಂದೊಂದೇ ಪದವಾಗಿ, ಎಳೆದು ಎಳೆದು ಬರುತ್ತದೆ. ಅವಳು ಎರಡನೇ ತರಗತಿಗೆ ಸೇರಿದಾಗ ಸಹಾಯಕಿ ಬೇಕೆಂದು ಶಾಲೆಯವರು ಇವರನ್ನು ತೆಗೆದುಕೊಂಡರು. ವರ್ಷ ವರ್ಷವೂ 'ಮುಂದುವರಿಸಲಾಗಿದೆ' ಅನ್ನಿಸಿಕೊಳ್ಳಬೇಕಾದ ಹಂಗಾಮಿ ಕೆಲಸ. ಹುಡುಗಿಗೆ ಇವರಿಟ್ಟ ಅಡ್ಡಹೆಸರು ಜಡ್ಜಮ್ಮ. "ಮಾತು ಕಮ್ಮಿ, ಆಡಿದ್ದೆಲ್ಲ ತೀರ್ಪು," ಎನ್ನುತ್ತಾರೆ.

ಮಕ್ಕಳು ಇವರಿಗಿಟ್ಟ ಹೆಸರು ಲಿಫ್ಟಕ್ಕ. ಆಗ ತರಗತಿ ಮೇಲಿನ ಮಹಡಿಯಲ್ಲಿತ್ತು. ಬೆಳಿಗ್ಗೆ ಹುಡುಗಿಯನ್ನು ಎತ್ತಿಕೊಂಡು ಹತ್ತುವುದು, ಊಟಕ್ಕೆ ಇಳಿಸುವುದು, ಮತ್ತೆ ಹತ್ತಿಸುವುದು, ಸಂಜೆ ಇಳಿಸುವುದು. ಹರೆಯದಲ್ಲಿ ಕಟ್ಟಡದ ಕೆಲಸದಲ್ಲಿ ಇಟ್ಟಿಗೆ, ಜಲ್ಲಿ ಹೊತ್ತವರು. "ಆ ಭಾರ ಹೊತ್ತ ಭುಜಕ್ಕೆ ಈ ಗುಬ್ಬಚ್ಚಿ ಯಾವ ಲೆಕ್ಕ ಅಂದ್ಕೊಂಡಿದ್ದೆ. ಗುಬ್ಬಚ್ಚಿ ಬೆಳೆಯುತ್ತೆ ಅನ್ನೋದು ಹೊಳೀಲೇ ಇಲ್ಲ ನೋಡಿ!"

ಶಾಲೆಯ ವಾರ್ಷಿಕ ಸಮಾರಂಭದಲ್ಲಿ ಇವರನ್ನು ವೇದಿಕೆಗೆ ಕರೆದು ಚಪ್ಪಾಳೆ ಹೊಡೆಸಿದ್ದರು. ಹುಡುಗಿಯ ತಾಯಿ, ಹೊಲಿಗೆ ಕೆಲಸದವರು, ಮಾತ್ರ ಚಪ್ಪಾಳೆ ತಟ್ಟಿರಲಿಲ್ಲ. ಮರುವಾರ ಅವರು ಬಂದು ತರಗತಿಯನ್ನೇ ಕೆಳಗೆ ತನ್ನಿ ಎಂದು ಕೇಳಿದರು. ಅಂಗವಿಕಲ ಮಗು ಓರಗೆಯ ಮಕ್ಕಳ ಜೊತೆಯಲ್ಲೇ ಕಲಿಯಬೇಕು, ಅದಕ್ಕೆ ಬೇಕಾದ ಅನುಕೂಲವನ್ನು ಶಾಲೆಯೇ ಮಾಡಿಕೊಡಬೇಕು ಎಂದು ಕಾನೂನೇ ಹೇಳುತ್ತದೆ. ಮುಖ್ಯೋಪಾಧ್ಯಾಯಿನಿ ನಕ್ಕು, "ಅನುಕೂಲ ಇದೆಯಲ್ಲಮ್ಮ, ನಮ್ಮ ಲಿಫ್ಟಕ್ಕ ಇಲ್ವಾ?" ಎಂದರು. ಬಾಗಿಲ ಬಳಿ ನಿಂತಿದ್ದ ಲಿಫ್ಟಕ್ಕ ಹಿರಿಹಿರಿ ಹಿಗ್ಗಿದರು.

ಮನೆಗೆ ಹೋಗಿ ತಮ್ಮನ ಹತ್ತಿರ ಅದನ್ನೇ ಕೊಚ್ಚಿಕೊಂಡರು. ಗಡಿಯಾರ ರಿಪೇರಿ ಮಾಡುವ ಈ ತಮ್ಮನೂ ಹುಟ್ಟಿನಿಂದ ನಡೆದವರಲ್ಲ. ಚಿಕ್ಕಂದಿನಲ್ಲಿ ತಾಯಿ ಅವರನ್ನು ಕಂಕುಳಲ್ಲಿ ಎತ್ತಿಕೊಂಡು ಶಾಲೆಗೆ ಬಿಡುತ್ತಿದ್ದರು. ತಾಯಿಯ ಸೊಂಟ ಹಿಡಿದುಕೊಂಡಿತು, ತಮ್ಮನ ಓದು ಅಲ್ಲಿಗೇ ನಿಂತಿತು. ಆಮೇಲೆ ಅವರಿಗೆ ಕಿಟಕಿಯೇ ಊರು. ಅಕ್ಕನ ಬಡಾಯಿಯನ್ನೆಲ್ಲ ಕೇಳಿಸಿಕೊಂಡ ಅವರು ಭೂತಗನ್ನಡಿಯಿಂದ ಕಣ್ಣು ತೆಗೆಯದೆ ಕೇಳಿದ್ದು ಒಂದೇ ಮಾತು: "ನಿನ್ನ ಸೊಂಟಾನೂ ಹಿಡ್ಕೊಂಡ ದಿನ ಆ ಹುಡುಗಿ ಎಲ್ಲಿ ಕೂರ್ತಾಳೆ ಅಕ್ಕ?"

"ನನಗೆ ಸಿಟ್ಟು ಬಂತು. ತಟ್ಟೆ ಕುಕ್ಕಿ ಎದ್ದುಹೋದೆ," ಎಂದು ನಗುತ್ತಾರೆ ಲಿಫ್ಟಕ್ಕ.

ಆ ದಿನ ಬೇಗನೇ ಬಂತು. ಹುಡುಗಿ ಐದನೇ ತರಗತಿಯಲ್ಲಿದ್ದಾಗ, ನೆಲ ಒರೆಸಿ ಇನ್ನೂ ಒದ್ದೆಯಿದ್ದ ಮೆಟ್ಟಿಲಲ್ಲಿ ಲಿಫ್ಟಕ್ಕನ ಕಾಲು ಜಾರಿತು. ಹುಡುಗಿಯನ್ನು ಎದೆಗವಚಿಕೊಂಡೇ ಬಿದ್ದರು. ಅವಳ ಮೊಣಕೈ ತರಚಿತು, ಇವರ ಮಂಡಿ ಊದಿತು. ಮರುದಿನವೇ ಅಪ್ಪಣೆಯಾಯಿತು: ಇನ್ನು ಮೇಲೆ ಹುಡುಗಿ ಕೆಳಗೆ, ಮುರುಕು ಬೆಂಚು ತುಂಬಿಡುವ ಕೋಣೆಯಲ್ಲಿ ಕೂರಲಿ, ಬಿಡುವಾದಾಗ ಯಾರಾದರೂ ಟೀಚರ್ ಬಂದು ಪಾಠ ಹೇಳುತ್ತಾರೆ. ಎಲ್ಲ ಅವಳ ಒಳ್ಳೆಯದಕ್ಕೇ ಅಂತೆ.

ಲಿಫ್ಟಕ್ಕ ಊದಿದ ಮಂಡಿಯಲ್ಲೇ ಬಗ್ಗಿ, "ಬಾ, ಹೇಗೋ ಎತ್ತಿಕೊಂಡು ಹೋಗ್ತೀನಿ," ಎಂದು ತೋಳು ಚಾಚಿದರು. ಹುಡುಗಿ ತಲೆಯಾಡಿಸಿದಳು. ಮಾತು ಹೊರಬರಲು ಹೊತ್ತು ಹಿಡಿಯಿತು.

"ಬೇಡ. ಆ ಕೋಣೆ... ಬೇಡ. ಎತ್ತೋದೂ... ಬೇಡ. ಕ್ಲಾಸ್... ಬೇಕು."

ತೀರ್ಪು ಬಂತಲ್ಲ. ಲಿಫ್ಟಕ್ಕ ಚಾಚಿದ ತೋಳನ್ನು ಹಿಂದೆ ತೆಗೆದುಕೊಂಡರು. ತಮ್ಮನ ಮಾತು ಆಗ ಅರ್ಥವಾಯಿತು. ಇಷ್ಟು ವರ್ಷ ತಾನು ಎತ್ತಿದ್ದು ಹುಡುಗಿಯನ್ನಷ್ಟೇ ಅಲ್ಲ, ಶಾಲೆಯವರ ತಲೆ ಮೇಲಿನ ಹೊಣೆಯನ್ನೂ. ಚಪ್ಪಾಳೆ ಬಿದ್ದದ್ದು ಅದಕ್ಕೇ. ಲಿಫ್ಟಕ್ಕ ಗಾಲಿಕುರ್ಚಿಯ ಬ್ರೇಕು ಹಾಕಿ ಹುಡುಗಿಯ ಜೊತೆ ಮೆಟ್ಟಿಲ ಬುಡದಲ್ಲೇ ನಿಂತುಬಿಟ್ಟರು.

ಶಾಲೆಯವರು ಬೈದರು, ಬುದ್ಧಿ ಹೇಳಿದರು, ಮುಂದಿನ ವರ್ಷ ಕೆಲಸ ಇರುವುದಿಲ್ಲ ಎಂದು ಹೆದರಿಸಿದರು. ಲಿಫ್ಟಕ್ಕ ಜಪ್ಪಯ್ಯ ಅನ್ನಲಿಲ್ಲ. ಹುಡುಗಿಯ ತಾಯಿ ಶಿಕ್ಷಣ ಇಲಾಖೆಗೆ ದೂರು ಕೊಟ್ಟು ಬಂದರು. ಇತ್ತ ಮೇಲಿನ ತರಗತಿಯಲ್ಲಿ ಗಣಿತದ ಟೀಚರ್ ಬಾಗಿಲು ತೆರೆದಿಟ್ಟು ಹಾಜರಿ ಕೂಗತೊಡಗಿದರು. ಹುಡುಗಿಯ ಹೆಸರು ಬಂದಾಗ ನಿಲ್ಲಿಸುತ್ತಿದ್ದರು. ಇಡೀ ತರಗತಿ ಉಸಿರು ಬಿಗಿಹಿಡಿದು ಕಾಯುತ್ತಿತ್ತು. ಕೆಳಗಿನಿಂದ, ಬಲು ನಿಧಾನವಾಗಿ, "ಇ...ದ್ದೀ...ನಿ" ಎಂಬ ದನಿ ಮೆಟ್ಟಿಲು ಹತ್ತಿ ಬರುತ್ತಿತ್ತು. ಆಮೇಲೆಯೇ ಮುಂದಿನ ಹೆಸರು.

"ಆ ಒಂದು ಮಾತಿಗೆ ಅಷ್ಟು ಮಕ್ಕಳು ಕಾಯ್ತಿದ್ರಲ್ಲ, ನನಗೆ ಅಳು ಉಕ್ಕಿ ಬರ್ತಿತ್ತು. ಆದ್ರೆ ಅಳಲಿಲ್ಲ. ಅತ್ರೆ ಸೋತ್ವಿ ಅಂದ್ಕೋತಾರೆ."

ಮೂರನೇ ವಾರ ಇಲಾಖೆಯ ಅಧಿಕಾರಿ ಹೇಳದೆ ಕೇಳದೆ ಬಂದರು. ಹಾಜರಿ ಕೂಗುವ ಹೊತ್ತು. ಮೆಟ್ಟಿಲ ಬುಡದಿಂದ ಉತ್ತರ ಕೊಟ್ಟ ಹುಡುಗಿಯನ್ನು ನೋಡಿ, "ಈ ಮಗು ಯಾಕೆ ತರಗತಿಗೆ ಹೋಗಿಲ್ಲ?" ಎಂದು ಕೇಳಿದರು. ಮುಖ್ಯೋಪಾಧ್ಯಾಯಿನಿ ಬಾಯಿ ತೆರೆಯುವ ಮೊದಲೇ ಲಿಫ್ಟಕ್ಕ ಹೇಳಿದರು: "ಮಗು ಬಂದಿದೆ ಸಾರ್. ತರಗತಿ ಇನ್ನೂ ಬಂದಿಲ್ಲ."

ಆ ವಾರವೇ ತರಗತಿ ಕೆಳಗಿಳಿಯಿತು, ಶಿಕ್ಷಕರ ಕೋಣೆ ಮೇಲೆ ಹೋಯಿತು. ಟೀ ಕುಡಿಯಲು ಮೆಟ್ಟಿಲು ಹತ್ತಬೇಕಲ್ಲ ಎಂದು ಕೆಲವರು ಮೂಗು ಮುರಿದರು. "ಎತ್ತಿಕೊಂಡು ಹೋಗ್ಲಾ ಸಾರ್ ಅಂತ ಕೇಳಿದೆ. ಯಾರೂ ಒಪ್ಪಲಿಲ್ಲ!" ಲಿಫ್ಟಕ್ಕ ಸೆರಗು ಬಾಯಿಗಿಟ್ಟುಕೊಂಡು ನಗುತ್ತಾರೆ. ಕೆಲಸವೂ ಹೋಗಲಿಲ್ಲ. ಹುಡುಗಿ ಆರನೆಯದಕ್ಕೆ ಬಂದಾಗ ತರಗತಿ ಕೆಳಗೇ ಇರಬೇಕೆಂದು ಯಾರೂ ಜಗಳವಾಡಬೇಕಾಗಲಿಲ್ಲ.

ಈಗ ಗಂಟೆ ಹೊಡೆಯುತ್ತದೆ. ಗಾಲಿಕುರ್ಚಿ ಬಾಗಿಲಲ್ಲಿ ಕಾಣಿಸುತ್ತದೆ. ಹುಡುಗಿ ಒಂದು ಕೈಯಿಂದ ಚಕ್ರ ದೂಡುತ್ತಾಳೆ, ಕುರ್ಚಿ ಓರೆಯಾಗುತ್ತದೆ, ಸರಿಪಡಿಸಿಕೊಳ್ಳುತ್ತಾಳೆ. ಲಿಫ್ಟಕ್ಕ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿ ಹಿಡಿದಿದ್ದಾರೆ. "ಹೀಗೆ ಹಿಡ್ಕೊಳ್ಳದಿದ್ರೆ ಈ ಹಾಳು ಕೈ ತಾನಾಗಿ ಹೋಗಿಬಿಡುತ್ತೆ." ಮಂಡಿಯ ನೋವಿನ್ನೂ ಹೋಗಿಲ್ಲ, ಆದರೂ ನಿಂತೇ ಇದ್ದಾರೆ. ಕುರ್ಚಿ ಗೆಳತಿಯ ಬೆಂಚನ್ನು ದಾಟಿ ಹಿಂದಿನ ಸಾಲಿಗೆ ಹೋಗುತ್ತದೆ. ಇವತ್ತು ಇಬ್ಬರೂ ಜಗಳವಾಡಿ ಟೂ ಬಿಟ್ಟಿದ್ದಾರಂತೆ.

ವಿಜ್ಞಾನದ ಲ್ಯಾಬು ಇನ್ನೂ ಮೇಲೆಯೇ ಇದೆ. ಈ ಸಲದ ದೂರನ್ನು ಹುಡುಗಿಯೇ ಒಂದೊಂದು ಪದವಾಗಿ ಹೇಳಿ ಬರೆಸಿದ್ದಾಳೆ. ಲಿಫ್ಟಿಗೆ ಅಳತೆ ತೆಗೆದುಕೊಂಡು ಹೋಗಿದ್ದಾರೆ, ಕಟ್ಟುವವರು ಬಂದಿಲ್ಲ. ಬರುವವರೆಗೂ ಲ್ಯಾಬಿನ ಪಾಠದ ಹೊತ್ತಿಗೆ ಹುಡುಗಿ, ಲಿಫ್ಟಕ್ಕ ಇಬ್ಬರೂ ಹೋಗಿ ಮೆಟ್ಟಿಲ ಬುಡದಲ್ಲಿ ನಿಲ್ಲುತ್ತಾರೆ.

"ಎಷ್ಟು ದಿನ ಬೇಕಾದ್ರೂ ನಿಲ್ತೀವಿ, ನಮಗೆ ಅಭ್ಯಾಸ ಇದೆ," ಎನ್ನುತ್ತಾರೆ. "ಲಿಫ್ಟು ಬಂದ ದಿನ ನನ್ನ ಹೆಸರು ಅದಕ್ಕೇ ಬಿಟ್ಟುಕೊಡ್ತೀನಿ. ಆಮೇಲೆ ಮಕ್ಕಳು ನನ್ನನ್ನ ಬರೀ ಅಕ್ಕ ಅಂದ್ರೆ ಸಾಕು."