ತಟ್ಟೆ ಮೇಲಿನ ಹೆಸರು

"ಇವ್ರು ಯಾರಕ್ಕ?"

ಗುಬ್ಬಿ ಹತ್ತಿರದ ಒಂದು ವಿಕಲಚೇತನರ ಆಶ್ರಮ. ನಮ್ಮತ್ತೆ ತೀರಿಕೊಂಡು ವರ್ಷವಾಗಿತ್ತು. ಅವರ ಹೆಸರಲ್ಲಿ ಅಲ್ಲಿ ಒಂದು ಹೊತ್ತಿನ ಹೋಳಿಗೆ ಊಟ, ಜೊತೆಗೆ ಎಲ್ಲರಿಗೂ ಹೊಸ ಸ್ಟೀಲ್ ತಟ್ಟೆ. ತಟ್ಟೆಯ ಅಂಚಿನಲ್ಲಿ ಅತ್ತೆಯ ಹೆಸರು. ವೀಲ್‌ಚೇರ್‌ನಲ್ಲಿ ಕೂತಿದ್ದ ಹೆಂಗಸೊಬ್ಬಳು ಆ ಹೆಸರಿನ ಮೇಲೆ ಬೆರಳಿಟ್ಟು ಕೇಳಿದ ಪ್ರಶ್ನೆ ಇದು.

ನಮ್ಮತ್ತೆ ಕಣಮ್ಮ, ಅಂದೆ.

"ನಿನ್ನೆ ಬೆಳ್ಳಾವಿ ಯಜಮಾನ್ರೊಬ್ರ ಹೆಸರಿನ ತಟ್ಟೇಲಿ ಉಂಡೆ. ಇವತ್ತು ನಿಮ್ಮತ್ತೇದು. ನನ್ನ ಹೆಸರಿಂದು ಒಂದು ಹಾಕ್ಕೊಡ್ತೀರಾ?"

ತುಮಕೂರಲ್ಲಿ ಪಾತ್ರೆ ಅಂಗಡಿ ಇಟ್ಟಿರೋ ನನಗೆ ಇದೇನು ದೊಡ್ಡ ಕೆಲಸ? ನಾಳೆಯೇ ಕಳಿಸ್ತೀನಿ ಅಂದೆ. ಬೇಡ ಅಂದಳು. ಅಲ್ಲಿ ಎಲ್ಲಾ ತಟ್ಟೆಗಳನ್ನೂ ಒಟ್ಟಿಗೆ ತೊಳೆದು ಒಟ್ಟಿಗೆ ಜೋಡಿಸ್ತಾರಂತೆ. ಯಾವುದು ಯಾರ ಮುಂದೆ ಬರುತ್ತೋ ಗೊತ್ತಿಲ್ಲ. ನಾನೊಂದು ಮನೆ ಮಾಡ್ತೀನಿ, ಆವಾಗ ಕೊಡಿ ಅಂದಳು. ನೀವು ಚೌಕಾಸಿ ಚೆನ್ನಾಗಿ ಮಾಡ್ತೀರಂತೆ, ಬಾಡಿಗೆ ಮನೇನೂ ನೀವೇ ನೋಡಿ ಅಂತ ಕೆಲಸವನ್ನೂ ಹಚ್ಚಿದಳು.

ನನ್ನ ಚೌಕಾಸಿಯ ಖ್ಯಾತಿ ಗುಬ್ಬಿ ದಾಟಿದ್ದು ಕೇಳಿ ಖುಷಿಯಾಯ್ತು ಅನ್ನೋದನ್ನ ಮುಚ್ಚಿಡೋದಿಲ್ಲ. (ಕುಣಿಗಲ್ ಬೀದಿಗಳಲ್ಲಿ ಪುಟ್ಟಿ ಹೊತ್ತು, ಹಳೇ ಸೀರೆಗೆ ಸ್ಟೀಲ್ ಪಾತ್ರೆ ಕೊಡ್ತಾ ಮೇಲೆ ಬಂದವಳು ನಾನು. ಹರಿದ ಸೀರೆಯನ್ನ ಮಡಿಚಿ ಹೊಸದು ಅಂತ ಕೊಟ್ಟವರೇ ನನಗೆ ವ್ಯಾಪಾರ ಕಲಿಸಿದ್ದು.)

ಅವಳ ಹೆಸರು ಸರ್ವಮಂಗಳ. ಎಲ್ಲರ ಬಾಯಲ್ಲಿ ಮಂಗಳ. ವಯಸ್ಸು ನಲವತ್ತರ ಹತ್ತಿರ. ಹುಟ್ಟಿನಿಂದ ಕೈಕಾಲಿನ ಸ್ವಾಧೀನ ಕಮ್ಮಿ. ಮಾತು ತಡೆದು ತಡೆದು ಬರುತ್ತೆ, ಆದರೆ ಬಂದ ಮಾತು ನೇರ ಗುರಿಗೇ ತಗಲುತ್ತೆ. ಒಂದೇ ಬೆರಳಲ್ಲಿ ಲ್ಯಾಪ್‌ಟಾಪ್ ಒತ್ತಿ, ತುಮಕೂರಿನ ಪ್ರೆಸ್ಸೊಂದಕ್ಕೆ ಲಗ್ನಪತ್ರಿಕೆ ಟೈಪ್ ಮಾಡಿ ಕಳಿಸ್ತಾಳೆ. ಮಾಸಾಶನವೂ ಬರುತ್ತೆ.

ನಾನು ಸುಮ್ಮನಿರೋಳಾ? ಬುದ್ಧಿ ಹೇಳಿದೆ. ಇಲ್ಲಿ ಹೊತ್ತಿಗೆ ಸರಿಯಾಗಿ ಊಟ, ಫ್ಯಾನು, ಟೀವಿ, ನೋಡ್ಕೊಳ್ಳೋಕೆ ಜನ. ಹೊರಗೆ ಹೋಗಿ ಒದ್ದಾಡೋದು ಯಾಕೆ? ಲೆಕ್ಕ ಹಾಕು, ಇಲ್ಲೇ ಲಾಭ.

"ಅಷ್ಟು ಲಾಭ ಇದ್ರೆ ನೀವೂ ಬಂದು ಒಂದ್ ವಾರ ಇರಿ ಅಕ್ಕ. ಮಂಚ ಖಾಲಿ ಇದೆ."

ಪಕ್ಕದಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆಮೇಲೆ ಅವಳು ಹೇಳಿದ್ದು ಕೇಳಿ ನಗು ನಿಂತಿತು. ಎಂಟೂವರೆಗೆ ಲೈಟ್ ಆಫ್. ಅವಳಿಗಿಷ್ಟದ ಸೀರಿಯಲ್ ಬರೋದು ಒಂಬತ್ತಕ್ಕೆ. ಸ್ನಾನಕ್ಕೆ ಸರದಿ. ಸಾರಿಗೆ ಉಪ್ಪು ಜಾಸ್ತಿಯಾದ್ರೆ ಹೇಳೋ ಹಾಗಿಲ್ಲ, ದಾನದ ಊಟ. ನಮ್ಮಂಥವರು ಬರ್ತ್‌ಡೇ, ತಿಥಿ ಅಂತ ಬಂದಾಗಲೆಲ್ಲ ಸಾಲಾಗಿ ಕೂತು ಫೋಟೋ ತೆಗೆಸ್ಕೋಬೇಕು. ಯಾರೂ ಹೊಡೆಯೋದಿಲ್ಲ, ಬೈಯೋದಿಲ್ಲ. ಆದ್ರೆ ಯಾರೂ ಏನನ್ನೂ ಕೇಳೋದೂ ಇಲ್ಲ.

ಆಶ್ರಮ ನಡೆಸುವವರು ಒಳ್ಳೆಯ ಜನವೇ. ಮ್ಯಾನೇಜರ್ ಹತ್ತಿರ ಮಾತಾಡಿದೆ. ಮಂಗಳನ್ನ ಮಗೂ ಥರ ನೋಡ್ಕೋತಿದೀವಿ, ಹೊರಗೆ ಏನಾದ್ರೂ ಆದ್ರೆ ಯಾರು ಜವಾಬ್ದಾರಿ ಅಂದರು. ನಲವತ್ತು ವರ್ಷದ ಮಗು!

ವಿಕಲಚೇತನರ ಹಕ್ಕಿಗಾಗಿ ದುಡಿಯುವ ತುಮಕೂರಿನ ಒಂದು ಸಂಘದ ಹುಡುಗಿ ಮೊದಲೇ ಮಂಗಳ ಜೊತೆಗಿದ್ದಳು. ಕಾನೂನೇ ಇದೆಯಂತೆ. ಎಲ್ಲರ ಹಾಗೆ ಜನರ ಮಧ್ಯೆ ಬದುಕೋ ಹಕ್ಕು ಇವರಿಗೂ ಇದೆ, ಇಂಥ ಕಡೆಯೇ ಇರಬೇಕು ಅಂತ ಕಟ್ಟಿಹಾಕೋ ಹಾಗಿಲ್ಲ ಅಂತ. ಬೆಳಿಗ್ಗೆ ಸಂಜೆ ಬಂದು ಸ್ನಾನ, ಅಡುಗೆ ನೋಡ್ಕೊಳ್ಳೋಕೆ ನಾಗಮ್ಮ ಅನ್ನೋ ಹೆಂಗಸನ್ನೂ ಸಂಘದವರು ಗೊತ್ತು ಮಾಡಿದ್ದರು. ಇಲ್ಲದ್ದು ಮನೆ ಒಂದೇ.

ಮನೆ ತಾನೇ? ನನಗೆ ಬಿಡಿ ಅಂದೆ.

ಅರ್ಧ ತುಮಕೂರಿಗೆ ಪಾತ್ರೆ ಮಾರಿದವಳು ನಾನು. ಮೊದಲನೇ ಮನೆಯವರು ಫೋನಲ್ಲಿ ಹೂಂ ಅಂದರು, ವೀಲ್‌ಚೇರ್ ನೋಡಿದ ಮೇಲೆ ಮನೆ ತಮ್ಮ ಭಾವಮೈದನಿಗೆ ಬೇಕಾಯ್ತು. ಎರಡನೆಯವರು ಬೆಳಿಗ್ಗೆ ಎದ್ದು ಮುಖ ನೋಡೋದು ಹೇಗೆ ಅಂದರು. (ಅವರ ಮುಖ ನಾನು ನೋಡಿದೀನಿ. ಆ ವಿಷಯ ಬೇಡ.)

ಕಸದ ರಾಶಿ, ಇಟ್ಟಿಗೆ ಗೂಡು, ಆಶ್ರಮ. ಮೂರನ್ನೂ ನಾವು ಊರಾಚೆಗೇ ಇಡೋದು ಯಾಕೆ ಅಂತ ಆವತ್ತು ಅರ್ಥವಾಯ್ತು.

ಮೂರನೆಯದು ತುಮಕೂರಿನ ಶೆಟ್ಟಿಹಳ್ಳಿಯ ರುದ್ರಪ್ಪನವರ ಮನೆ. ರಿಟೈರ್ಡ್ ಮೇಷ್ಟ್ರು. ಗಂಡ ಹೆಂಡತಿ ಮೇಲಿನ ಮನೆಯಲ್ಲಿ, ಕೆಳಗಿನ ಪೋರ್ಷನ್ ಖಾಲಿ. ಅವರು ಒಂದು ದಾರಿ ತೋರಿಸಿದರು. ಅಗ್ರಿಮೆಂಟ್ ನಿಮ್ಮ ಹೆಸರಲ್ಲಿ ಮಾಡ್ಕೊಳ್ಳಿ, ಬಾಡಿಗೆ ನೀವು ಕೊಡಿ, ಒಳಗೆ ಯಾರನ್ನ ಬೇಕಾದ್ರೂ ಇಟ್ಕೊಳ್ಳಿ. ನಾಳೆ ಏನಾದ್ರೂ ಆದ್ರೆ ನಾನು ನಿಮ್ಮನ್ನ ಕೇಳ್ತೀನಿ, ಆಯಮ್ಮನ್ನಲ್ಲ.

ನಾನು ತಕ್ಷಣ ಒಪ್ಪಿದೆ. ಅಡ್ವಾನ್ಸಲ್ಲೂ ಸ್ವಲ್ಪ ಇಳಿಸಿದೆ. ಇದಕ್ಕಿಂತ ಒಳ್ಳೆ ಡೀಲ್ ಯಾರು ತರ್ತಾರೆ ಅಂತ ಗುಬ್ಬಿಗೆ ಓಡಿದೆ.

ಮಂಗಳ ಪೂರ್ತಿ ಕೇಳಿಸಿಕೊಂಡಳು.

"ಮತ್ತೆ ನಿಮ್ಮ ಹೆಸರೇ ಆಯ್ತಲ್ಲಕ್ಕ."

ಜೀವಮಾನವೆಲ್ಲ ಚೌಕಾಸಿ ಮಾಡಿದವಳು ನಾನು. ಮನೆ ಕೈ ತಪ್ಪಬಹುದು ಅಂದೆ. ತಪ್ಪಲಿ ಅಂದಳು. ಹೊರಗೆ ಬರೋ ದಾರಿ ಅದೊಂದೇ ಅಂತ ನನಗಿಂತ ಚೆನ್ನಾಗಿ ಅವಳಿಗೇ ಗೊತ್ತಿತ್ತು. ಆದ್ರೂ, ನನ್ನನ್ನೇ ಮೇಷ್ಟ್ರ ಹತ್ರ ಕರ್ಕೊಂಡು ಹೋಗಿ, ನಾನೇ ಮಾತಾಡ್ತೀನಿ ಅಂದಳು.

ಹೋದೆವು. ಮೇಲಿನ ಮನೆಗೂ ಕೆಳಗಿನದಕ್ಕೂ ಒಂದೇ ಮುಂಬಾಗಿಲು, ಅದಕ್ಕೆ ಎರಡು ಮೆಟ್ಟಿಲು, ಹಾಗಾಗಿ ಮಾತುಕತೆ ಅಂಗಳದಲ್ಲೇ. ಮೇಷ್ಟ್ರು ಮೊದಮೊದಲು ಅವಳನ್ನ ನೋಡದೆ ನನ್ನ ಹತ್ತಿರವೇ ಮಾತಾಡಿದರು. ಇವ್ರು ಕಾಫಿ ಕುಡೀತಾರಾ ಅಂತಲೂ ನನ್ನನ್ನೇ ಕೇಳಿದರು. ನಾನು ಬಾಯಿ ಬಿಡಲಿಲ್ಲ. (ನನ್ನ ಗಂಡ ನೋಡಬೇಕಿತ್ತು.) ಕುಡೀತೀನಿ ಸಾರ್, ಸಕ್ಕರೆ ಕಮ್ಮಿ ಅಂತ ಮಂಗಳ ಅಂದಮೇಲೆ ಅವರ ಕತ್ತು ಆ ಕಡೆ ತಿರುಗಿತು.

ಬಾಡಿಗೆ ಹೇಗೆ ಕೊಡ್ತೀನಿ, ನಾಗಮ್ಮ ಎಷ್ಟು ಹೊತ್ತಿಗೆ ಬರ್ತಾಳೆ, ಎಲ್ಲಾ ಬಿಡಿಸಿ ಹೇಳಿದಳು. ಮೇಷ್ಟ್ರು ಕಡೆಗೆ ಅಸಲು ಭಯ ಹೊರಗೆ ಹಾಕಿದರು.

"ಅಲ್ಲಮ್ಮ, ಅರ್ಧರಾತ್ರೀಲಿ ಏನಾದ್ರೂ ಆದ್ರೆ ಯಾರು?"

"ನಿಮಗೆ ಏನಾದ್ರೂ ಆದ್ರೆ ಯಾರು ಸಾರ್?"

ಮನೆ ಕೈ ತಪ್ಪಿತು ಅಂದುಕೊಂಡೆ ನಾನು. ಅಷ್ಟರಲ್ಲಿ ಕಾಫಿ ತಂದ ಅವರ ಹೆಂಡತಿ ಬಾಗಿಲಲ್ಲೇ ನಿಂತು, "ಪಕ್ಕದ ಮನೆಯೋರು, ಇನ್ಯಾರು? ಮೊನ್ನೆ ನಿಮಗೆ ಶುಗರ್ ಡೌನ್ ಆದಾಗ ಅವ್ರೇ ತಾನೇ ಆಟೋ ತಂದಿದ್ದು," ಅಂದರು.

ನೋಡಿ, ನಾವೆಲ್ಲ ಬದುಕ್ತಿರೋದೇ ಹೀಗೆ. ಪಕ್ಕದ ಮನೆ, ಎದುರಿನ ಅಂಗಡಿ, ಫೋನ್ ಮಾಡಿದ್ರೆ ಬರೋ ಆಟೋ. ನಾವು ಯಾರೂ ಒಬ್ಬೊಬ್ಬರೇ ನಿಂತಿಲ್ಲ. ಮಂಗಳನ್ನ ಮಾತ್ರ ಯಾಕೆ, ಒಬ್ಬಳೇ ನಿಲ್ತೀಯಾ ಅಂತ ಪರೀಕ್ಷೆ ಮಾಡ್ತೀವಿ?

ಅಗ್ರಿಮೆಂಟ್ ಸರ್ವಮಂಗಳ ಹೆಸರಲ್ಲೇ ಆಯ್ತು. ಮೆಟ್ಟಿಲಿಗೆ ಇಳಿಜಾರು ಹಾಕಿಸೋ ಖರ್ಚನ್ನ ಬಾಡಿಗೆಯಲ್ಲಿ ಹಿಡ್ಕೊಳ್ಳೋಕೆ ಮೇಷ್ಟ್ರನ್ನ ಅವಳೇ ಒಪ್ಪಿಸಿದಳು. ನಿಮಗೂ ಮೊಣಕಾಲು ನೋವಿದೆಯಲ್ಲ ಸಾರ್ ಅಂದಳಂತೆ. ನಾನು ಕಲಿಸಿದ್ದಲ್ಲ ಅದು.

ಹಾಲುಕ್ಕಿಸಿ ಎರಡು ವಾರದ ಮೇಲೆ, ಅಂಗಡಿ ಮುಚ್ಚಿ ತಟ್ಟೆ ಹಿಡ್ಕೊಂಡು ಹೋದೆ. ಅಂಚಿನಲ್ಲಿ ದಪ್ಪಕ್ಷರದಲ್ಲಿ 'ಸರ್ವಮಂಗಳ'. ಬಾಗಿಲು ತಟ್ಟಿದೆ.

ಯಾರು ಅಂತ ಒಳಗಿಂದ ಕೇಳಿದಳು. ನಾನೇ ಅಂದೆ. ಒಂದ್ನಿಮಿಷ ಇರಕ್ಕ, ಅಡ್ವರ್ಟೈಸ್‌ಮೆಂಟ್ ಬರ್ಲಿ ಅಂದಳು. ಆಶ್ರಮಕ್ಕೆ ನಾನು ಬಾಗಿಲು ತಟ್ಟಿ ಹೋದವಳೇ ಅಲ್ಲ. ಇಲ್ಲಿ ಒಂಬತ್ತರ ಸೀರಿಯಲ್ ಮಧ್ಯೆ ಬಿಡುವು ಸಿಗೋ ದಾರಿ ಕಾಯ್ತಾ ಹೊರಗೆ ನಿಂತೆ.

ತಟ್ಟೆಯನ್ನ ತಿರುಗಿಸಿ ತಿರುಗಿಸಿ ನೋಡಿದಳು. ತನ್ನ ಹೆಸರಿನ ಮೇಲೆ ಬೆರಳಾಡಿಸಿದಳು. ಆಮೇಲೆ ನನ್ನ ಚೀಲದ ಕಡೆ ನೋಡಿದಳು.

"ಒಂದೇನಾ? ಮನೆಗೆ ಬಂದೋರಿಗೆ ಯಾತರಲ್ಲಿ ಇಕ್ಲಿ ಅಕ್ಕ?"

ಹೌದಲ್ಲ! ಪಾತ್ರೆ ಅಂಗಡಿಯವಳ ತಲೆಗೆ ಅದು ಹೊಳೆದಿರಲಿಲ್ಲ. ಅವಳ ಮನೆಗೂ ನೆಂಟರು ಬರ್ತಾರೆ ಅಂತ ನಾನು ಎಣಿಸಿಯೇ ಇರಲಿಲ್ಲ. ಅವಳು ಆಗಲೇ ಉಂಡಾಗಿತ್ತು. ನಾಗಮ್ಮ ಮಾಡಿಟ್ಟ ಮುದ್ದೆ, ಹುರುಳಿಕಾಳು ಸಾರನ್ನ ನಾನೇ ಬಡಿಸ್ಕೊಂಡು, ಸರ್ವಮಂಗಳ ಹೆಸರಿನ ತಟ್ಟೆಯಲ್ಲಿ ಉಂಡೆ. (ಉಪ್ಪು ಸ್ವಲ್ಪ ಮುಂದಿತ್ತು. ಹೇಳಿದೆ. ನಾಳೆ ನಾಗಮ್ಮಂಗೆ ಹೇಳ್ತೀನಿ ಬಿಡಿ ಅಂದಳು.)

ಆಶ್ರಮಕ್ಕೆ ಕೊಡೋಕೆ ತಟ್ಟೆ ಬೇಕು, ಹೆಸರು ಹಾಕಿಸಬೇಕು ಅಂತ ಈಗಲೂ ಜನ ಅಂಗಡಿಗೆ ಬರ್ತಾರೆ. ಡಿಸ್ಕೌಂಟ್ ಕೊಡ್ತೀನಿ. ಬಿಲ್ ಹಾಕೋ ಮೊದಲು ಒಂದು ಮಾತು ಮಾತ್ರ ಕೇಳ್ತೀನಿ.

ನಿಮ್ಮನೆ ಕೆಳಗಡೆ ಪೋರ್ಷನ್ ಖಾಲಿ ಇದೆಯಾ?