ರಾಗಿ ಹೊಲದ ಹಸಿರು ಬಳೆ

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನನಗೆ ಕಲಿಸಿದ್ದು ಒಂದೇ: ಎದುರಾಳಿಯ ವಾದವನ್ನು ಅವನಿಗಿಂತ ಚೆನ್ನಾಗಿ ಹೇಳಲು ಬಾರದಿದ್ದರೆ ಬಾಯಿ ಮುಚ್ಚಿಕೊಂಡಿರು. ನನ್ನ ಎದುರಾಳಿ ನನ್ನ ಸೋದರಮಾವ.

ನಿಡುಗಲ್ ಬೆಟ್ಟದ ಕೆಳಗೆ ಅವ್ವನ ಹೆಸರಿನಲ್ಲಿ ಒಂದು ರಾಗಿ ಹೊಲವಿದೆ. ಮಳೆ ನಡುವೆ ಕೈಕೊಟ್ಟ ಒಂದು ವರ್ಷ ಬೆಟ್ಟ ಹತ್ತಿ ಕೆಳಗೆ ನೋಡಿದೆ. ಪೈರೆಲ್ಲ ಬಿಳಿಚಿಕೊಂಡಿತ್ತು. ನಡುವೆ ಮಾತ್ರ ದೊಡ್ಡದೊಂದು ಹಸಿರು ಬಳೆ, ಮೂಡಣಕ್ಕೆ ಬಾಗಿಲಿನಂತೆ ಒಂದು ಕಡೆ ಒಡೆದಿತ್ತು. ಫೋನಿನಲ್ಲಿ ಚಿತ್ರ ತೆಗೆದು ಕಾಲೇಜಿನಲ್ಲಿ ನಮಗೆ ಇತಿಹಾಸ ಪಾಠ ಹೇಳಿದ್ದ ಮೇಡಂಗೆ ತೋರಿಸಿದೆ. ಎಂದೋ ತೋಡಿ, ಕಾಲಾಂತರದಲ್ಲಿ ಮುಚ್ಚಿಹೋದ ಕಂದಕ ಇರಬಹುದು ಎಂದರು. ಅಲ್ಲಿ ಮಣ್ಣು ಆಳ, ತೇವ ನಿಲ್ಲುತ್ತದೆ, ಮೇಲಿನ ಪೈರು ತಡವಾಗಿ ಬಾಡುತ್ತದೆ. ನೇಗಿಲಿಗೆ ಸಿಗುತ್ತಿದ್ದ, ಒಳಗೆ ಕಪ್ಪು ಹೊರಗೆ ಕೆಂಪು ಬಣ್ಣದ ಮಡಕೆ ಚೂರುಗಳನ್ನೂ ನೋಡಿದರು. ರಾಜರು ಬೆಟ್ಟದ ಮೇಲೆ ಕೋಟೆ ಕಟ್ಟುವುದಕ್ಕೆ ಬಹಳ ಹಿಂದೆ, ಬೇಲಿ, ಕಂದಕಗಳೊಳಗೆ ಬದುಕಿದ ಊರೊಂದು ಅಲ್ಲಿ ಇದ್ದಿರಬಹುದಂತೆ.

ಮಾವ ನಕ್ಕ. ಕುರಿ ಕಾಯುವ ಅವನು ಬೇಸಿಗೆಯಲ್ಲಿ ಅದೇ ಹೊಲದಲ್ಲಿ ಗೊಬ್ಬರಕ್ಕೆಂದು ಮಂದೆ ನಿಲ್ಲಿಸುತ್ತಿದ್ದ.

"ಕುರಿ ಹಿಕ್ಕೆ ಕಣಮ್ಮ ಅದು. ಸುತ್ತ ಬೇಲಿಗೆ ತಟ್ಟಿ ಕಟ್ಟಿದ್ರೆ ಕುರಿ ಅಂಚಿಗೇ ಒತ್ಕೊಂಡು ಮಲಗ್ತಾವೆ. ನಿನ್ ಇತಿಹಾಸಾನ ನನ್ ಕುರಿ ಹಾಕವೆ."

ಒಳ್ಳೆಯ ವಾದ. ನಮ್ಮ ಕಡೆ ಹೊಲದಲ್ಲಿ ಎಲ್ಲಿ ಹಸಿರು ಹೆಚ್ಚಿದರೂ ಅಲ್ಲಿ ಮಂದೆ ನಿಂತಿತ್ತೆಂದೇ ಅರ್ಥ; ನಾನೂ ಅದನ್ನೇ ನಂಬಿ ಬೆಳೆದವಳು. ಆದರೆ ಮಾವ ಗೆದ್ದರೆ ಬಳೆ ಹೋಗುತ್ತಿತ್ತು. ಹೊಲವನ್ನು ಸೋಲಾರ್ ಕಂಪನಿಯವರಿಗೆ ಗುತ್ತಿಗೆ ಕೊಡಲು ಅವ್ವ ಅರ್ಧ ಒಪ್ಪಿದ್ದಳು. ಅವರು ಬಂದರೆ ಮೊದಲು ಜೆಸಿಬಿ ಬಂದು ನೆಲ ಮಟ್ಟ ಮಾಡುತ್ತದೆ.

"ಈ ಸಲ ಮಂದೇನ ಬಡಗಣ ಮೂಲೆಗೆ ಹಾಕು," ಎಂದೆ. "ಬಳೆ ಅಲ್ಲಿಗೆ ಬಂದ್ರೆ ನಾನೇ ಅವ್ವನ ಕೈಗೆ ಪೆನ್ನು ಕೊಡ್ತೀನಿ. ಇದ್ದಲ್ಲೇ ಇದ್ರೆ ಹೊಲ ಕೊಡಂಗಿಲ್ಲ."

"ಏಮ್ಮಾ ಲಾಯರಮ್ಮ, ಕುರೀನೂ ಸಾಕ್ಷಿಗೆ ಕರೀತೀಯಾ?"

"ಇಬ್ರೂ ಮಾತಿಗೆ ತಪ್ಪಂಗಿಲ್ಲ," ಎಂದಳು ಅವ್ವ, ಸೊಪ್ಪು ಬಿಡಿಸುತ್ತಲೇ.

ಮಾವ ತಪ್ಪಲಿಲ್ಲ. ಆದರೆ ಮುಂದಿನ ಪೈರಿಗೆ ಮಳೆ ಹದವಾಗಿ ಬಿತ್ತು. ಹೊಲವೆಲ್ಲ ಒಂದೇ ಹಸಿರು, ಬಳೆಯೇ ಇಲ್ಲ. "ಎಲ್ಲಮ್ಮ ನಿನ್ನೂರು?" ಎಂದು ಮಾವ ಸಿಕ್ಕಾಗಲೆಲ್ಲ ಕೇಳುತ್ತಿದ್ದ. ನಾನು ಬಿಡಲಿಲ್ಲ: ಎಲ್ಲಕ್ಕೂ ನೀರಿದ್ದಾಗ ಯಾವ ಮಣ್ಣೂ ಬಾಯಿ ಬಿಡುವುದಿಲ್ಲ, ಮಳೆ ನಿಲ್ಲಲಿ.

ತೆನೆ ಕಟ್ಟುವ ಹೊತ್ತಿಗೆ ಮಳೆ ನಿಂತಿತು. ಪೈರು ಬಿಳಿಚತೊಡಗಿದಾಗ ಮಾವನನ್ನು ಬೆಟ್ಟ ಹತ್ತಿಸಿದೆ. ಬಡಗಣ ಮೂಲೆಯಲ್ಲಿ ಮಂದೆ ನಿಂತ ಜಾಗ ಒಂದೇ ತೇಪೆಯಾಗಿ ಹಸಿರು ತುಂಬಿತ್ತು. ಬಳೆ ಮಾತ್ರ ಇದ್ದಲ್ಲೇ ಇತ್ತು. ಬಾಗಿಲೂ ಮೂಡಣಕ್ಕೇ.

ಮಾವ ಬಳೆಯತ್ತ ಕೈ ಚಾಚಿದ. "ಬಾಗ್ಲು ಪಡುವಣ ಗಾಳಿಗೆ ಬೆನ್ನು ಕೊಟ್ಟೈತೆ. ನಾನೂ ತಟ್ಟಿ ಅಂಗೇ ಕಟ್ಟೋದು."

"ಸೋತೆ ಅನ್ನು ಮಾವ."

"ಸೋತೆ ಬುಡು. ಆದ್ರೆ ಆ ಊರೋರೂ ಕುರಿಯೋರೇ."

"ಅದಕ್ಕೆ ಸಾಕ್ಷಿ ಇಲ್ಲ."

"ಅಯ್ಯೋ ಸುಮ್ಕಿರಮ್ಮ."

ಗುತ್ತಿಗೆಯವರು ಬಂದು, ಬರೀ ಹೊಲ ತಾನೇ, ಯೋಚನೆ ಏನು ಎಂದರು. "ಬರೀ ಹೊಲ ಅಲ್ಲ. ಅಲ್ಲಿ ಯಾರ್ದೋ ಬೇಲಿ ಐತೆ, ಬಾಗ್ಲು ಐತೆ," ಎಂದಳು ಅವ್ವ. "ಅವ್ರನ್ನ ಕೇಳ್ದೆ ಹೆಂಗೆ ಕೊಡ್ಲಿ?"

ಆ ಬಳೆ ಎಷ್ಟು ಹಳೆಯದೆಂದು ಅಗೆದು ನೋಡದೆ ನಾನು ಹೇಳಲಾರೆ, ಅಗೆಯಲು ಯಾರೂ ಬಂದಿಲ್ಲ. ಅಲ್ಲಿ ಏನೂ ಇಲ್ಲ ಎನ್ನುವವರು ಅದನ್ನು ಸಾಬೀತು ಮಾಡಲಿ. ಬೆಟ್ಟ ಅಲ್ಲೇ ಇದೆ, ಹತ್ತಲಿ. ಅಲ್ಲಿಯವರೆಗೆ ಆ ಹೊಲದಲ್ಲಿ ರಾಗಿಯೇ ಬಿತ್ತುತ್ತೇವೆ.